ತೇರುಬೀದಿಯ ಲಾರಿಗಳು

ನಮ್ಮ ಬೀದಿಗೆ ತೇರುಬೀದಿಯೆಂದು ಹೆಸರು. ವರ್ಷಕ್ಕೊಮ್ಮೆ ಚೈತ್ರಮಾಸದಲ್ಲಿ ಊರ ದೇವರ ತೇರು ಇಲ್ಲಿ ಹರಿಯುತ್ತದೆ. ಆ ದಿನ ತಾಯಂದಿರು ಮಕ್ಕಳ ರಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡು ಜಗಲಿಯ ಮೇಲೆ ನಿಲ್ಲುವರು. ಗಾಲಿಗಳ ಎರಡು ಮಗ್ಗುಲಿಗೂ ಮರದ ದಪ್ಪ ತುಂಡುಗಳನ್ನು ಹಿಡಿದ ನುರಿತ ಆಳುಗಳು ನಡೆಯುವರು. ತೇರು ಗೇಣುದ್ದ ಅತ್ತಿತ್ತ ಸರಿಯಿತೆಂದರೆ ತುಂಡನ್ನು ಗಾಲಿಯ ಕೆಳಗೆ ಕೊಟ್ಟು ದಾರಿಗೆ ತರುವರು. ಮುಂದೆ ನಿಂತ ಹಿರಿಯರು ಕೈಯೆತ್ತುವವರೆಗೆ ಹಗ್ಗವನ್ನು ಯಾರೂ ಜಗ್ಗುವಂತಿಲ್ಲ. ಇಷ್ಟೊಂದು ಎಚ್ಚರವೇಕೆಂದು ಚಿಕ್ಕಂದಿನಲ್ಲಿ ನಾವು ಅಜ್ಜಿಯನ್ನು ಕೇಳಿದ್ದುಂಟು. "ಮೇಲೆ ದೇವರು ಕೂತಿದಾನೆ ಅಂತ ಕೆಳಗಿರೋ ಗಾಲಿಗೆ ಗೊತ್ತಾಗತ್ತೇನೋ?" ಎಂದಿದ್ದರು ಅವರು.

ವರ್ಷದ ಉಳಿದ ದಿನಗಳಲ್ಲಿ ಈ ಬೀದಿಯಲ್ಲಿ ಹರಿಯುತ್ತಿದ್ದುವು ಜಲ್ಲಿಯ ಟಿಪ್ಪರುಗಳು. ನಮ್ಮ ಊರಿಗೆ ಎರಡು ಹರದಾರಿ ದೂರದಲ್ಲಿ ಕಲ್ಲುಗಣಿಗಳಿವೆ. ಅಲ್ಲಿಂದ ಹೆದ್ದಾರಿಗೆ ಹೋಗಲು ಊರನ್ನು ಬಳಸಿಕೊಂಡು ಬೈಪಾಸು ರಸ್ತೆಯಿದೆ. ಅಗಲವಾದ ಒಳ್ಳೆಯ ರಸ್ತೆಯೇ. ಆದರೆ ಟಿಪ್ಪರಿನ ಚಾಲಕನಿಗೆ ಸಂಬಳ ತಿಂಗಳ ಲೆಕ್ಕದಲ್ಲಿಲ್ಲ. ಟ್ರಿಪ್ಪಿಗೆ ಇಷ್ಟೆಂದು ಕೊಡುತ್ತಾರೆ. ತೇರುಬೀದಿಯಲ್ಲಿ ನುಗ್ಗಿದರೆ ಪ್ರತಿ ಟ್ರಿಪ್ಪಿನಲ್ಲಿ ಕಾಲುಗಂಟೆ ಉಳಿಯುತ್ತದೆ. ಹಗಲೆಲ್ಲ ಉಳಿಸಿದ ಕಾಲುಗಂಟೆಗಳು ಸೇರಿ ಸಂಜೆಗೆ ಒಂದು ಟ್ರಿಪ್ಪಾಗುತ್ತವೆ. ಆ ಟ್ರಿಪ್ಪಿನ ಹಣದಲ್ಲಿ ಅವನ ಮನೆಗೆ ಸೇರು ಅಕ್ಕಿ ಹೆಚ್ಚಾಗಿ ಹೋಗುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಏಕೆಂದರೆ ಬಹಳ ದಿನ ನಾವು ಆ ಚಾಲಕರನ್ನು ರಾಕ್ಷಸರೆಂದೇ ಭಾವಿಸಿಕೊಂಡಿದ್ದೆವು.

ಬೀದಿಯ ಕಷ್ಟವನ್ನು ಬಣ್ಣಿಸಹೊರಟರೆ ಅದೇ ಒಂದು ಪುರಾಣವಾದೀತು. ಚರಂಡಿಯ ಮೇಲಿನ ಚಪ್ಪಡಿಗಳು ಒಂದೊಂದಾಗಿ ಒಡೆದುವು. ನೆಲದೊಳಗಿನ ಕೊಳಾಯಿ ವರ್ಷಕ್ಕೆ ಮೂರು ಬಾರಿಯಾದರೂ ಬಿರಿದು, ಕುಡಿಯುವ ನೀರಿಗೆ ಕೆಸರು ಸೇರುತ್ತಿತ್ತು. ಮಣ್ಣಿನ ಗಾರೆಯ ಹಳೆಯ ಗೋಡೆಗಳಲ್ಲಿ ಬಿರುಕು ಕಾಣಿಸಿಕೊಂಡಿತು. ನಮ್ಮ ನಡುಮನೆಯ ಗೋಡೆಯಲ್ಲಿ ಗಡಿಯಾರದ ಮೊಳೆಯಿಂದ ಹೊರಟ ಬಿರುಕು ಕಿಟಕಿಯವರೆಗೆ ಇಳಿದಿದೆ. ಲಾರಿ ಹಾದಾಗಲೆಲ್ಲ ಅಡಿಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಸದ್ದುಮಾಡುವುದನ್ನು ಕೇಳಿ, ತುಂಬಿದ ಲಾರಿ ಯಾವುದು, ಬರಿದಾದುದು ಯಾವುದು ಎಂದು ನಮ್ಮ ಮನೆಯಾಕೆ ಒಳಗಿನಿಂದಲೇ ಹೇಳಬಲ್ಲವಳಾಗಿದ್ದಳು.

ಒಂದು ಭಾರೀ ಲಾರಿ ಹತ್ತಿಪ್ಪತ್ತು ಕಾರುಗಳಿಗೆ ಸಮವಾಗಿರಬಹುದೆಂದು ಸಾಮಾನ್ಯವಾಗಿ ಎಣಿಸುವುದುಂಟು. ಲೆಕ್ಕ ಹಾಗಿಲ್ಲ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ, ಆಟವಾ ಎಂಬ ಊರಿನ ಸಮೀಪ, ಬೇಕೆಂದೇ ರಸ್ತೆಗಳನ್ನು ಕಟ್ಟಿ, ಅವುಗಳ ಮೇಲೆ ಹಗಲಿರುಳು ಲಾರಿಗಳನ್ನು ಓಡಿಸಿ ಪರೀಕ್ಷಿಸಿದರು. ಅದರಿಂದ ಹೊರಟ ನಿಯಮವು ಸ್ಥೂಲವಾಗಿ ಹೀಗಿದೆ: ಅಚ್ಚಿನ ಮೇಲಿನ ಭಾರವು ಎರಡರಷ್ಟಾದರೆ ರಸ್ತೆಗೆ ಆಗುವ ಹಾನಿಯು ಹದಿನಾರರಷ್ಟಾಗುತ್ತದೆ, ಎಂದರೆ ಭಾರದ ನಾಲ್ಕನೆಯ ಘಾತಕ್ಕೆ ಅನುಸಾರವಾಗಿ ಬೆಳೆಯುತ್ತದೆ. ಚಿಕ್ಕ ಕಾರಿನ ಒಂದು ಅಚ್ಚಿನ ಮೇಲೆ ಅರ್ಧ ಟನ್ನು ಭಾರವಿದ್ದರೆ, ತುಂಬಿದ ಟಿಪ್ಪರಿನ ಹಿಂದಿನ ಒಂದು ಅಚ್ಚಿನ ಮೇಲೆ ಹತ್ತು ಟನ್ನು. ಇಪ್ಪತ್ತರಷ್ಟು ಭಾರ. ಇಪ್ಪತ್ತನ್ನು ನಾಲ್ಕು ಸಾರಿ ಗುಣಿಸಿದರೆ 1,60,000. ಹತ್ತು ಗಾಲಿಯ ಲಾರಿಯ ಒಟ್ಟು ತೂಕಕ್ಕೆ ಮೊದಲು 25 ಟನ್ನುಗಳ ಮಿತಿಯಿತ್ತು. 2018ರಲ್ಲಿ ಭಾರತ ಸರ್ಕಾರದವರು ಅದನ್ನು 28.5 ಟನ್ನುಗಳಿಗೆ ಏರಿಸಿದರು. ಮಿತಿ ಏರಿದಮೇಲೆ ಮಿತಿಮೀರುವುದು ನಿಲ್ಲಬಹುದೆಂದು ಆಶಿಸಿದವರೂ ಇದ್ದರು. ಎತ್ತಿನ ಗಾಡಿಗಾಗಿ ಮಾಡಿದ ಬೀದಿಗೆ ಈ ವಿಷಯವನ್ನು ಯಾರೂ ತಿಳಿಸಲಿಲ್ಲ.

ಆದರೂ ಗೋಡೆ ಬಿರಿದುದಕ್ಕೆ, ಕೊಳಾಯಿ ಒಡೆದುದಕ್ಕೆ ನಾವು ಎದ್ದವರಲ್ಲ. ಗೊಣಗುತ್ತಿದ್ದೆವು, ಸಂಜೆ ಜಗಲಿಯ ಮೇಲೆ ಕುಳಿತು ಪುರಸಭೆಯನ್ನು ಬಯ್ಯುತ್ತಿದ್ದೆವು, ರಾತ್ರಿ ಊಟಮಾಡಿ ಮಲಗುತ್ತಿದ್ದೆವು. 2022ನೆಯ ಜುಲೈ ತಿಂಗಳಲ್ಲಿ ಎದುರು ಮನೆಯ ಹುಡುಗನ ಬೈಸಿಕಲ್ಲು ಟಿಪ್ಪರಿನ ಹಿಂದಿನ ಗಾಲಿಗೆ ಸಿಕ್ಕಿತು.

ದೇವಸ್ಥಾನದ ಮೂಲೆಯಲ್ಲಿ ಬೀದಿ ಥಟ್ಟನೆ ತಿರುಗುತ್ತದೆ. ಹಿಂದಿನವರು ಮೂಲೆಮನೆಯ ಗೋಡೆಗೆ ಗಾಡಿಯ ಗುಂಬ ತಾಗದಿರಲೆಂದು ಅಲ್ಲಿ ಒಂದು ಕಲ್ಲನ್ನು ನೆಟ್ಟಿದ್ದರು. ಉದ್ದವಾದ ವಾಹನವು ತಿರುಗುವಾಗ ಅದರ ಹಿಂಗಾಲಿಗಳು ಮುಂಗಾಲಿಗಳ ಜಾಡಿನಲ್ಲಿ ಬರುವುದಿಲ್ಲ; ಒಳಮಗ್ಗುಲಿಗೆ ಸರಿದುಕೊಂಡು ಮೂಲೆಯನ್ನು ಕತ್ತರಿಸಿಕೊಂಡು ಬರುತ್ತವೆ. ಎಡಮಗ್ಗುಲಲ್ಲಿ, ಬಾಗಿಲಿನ ಕೆಳಗೆ ಇರುವ ಚಿಕ್ಕ ಮಗುವಾಗಲಿ, ಬೈಸಿಕಲ್ಲಾಗಲಿ ಎತ್ತರದಲ್ಲಿ ಕುಳಿತ ಚಾಲಕನ ಕಣ್ಣಿಗೆ ಬೀಳುವುದೇ ಕಷ್ಟ. ಹುಡುಗನು ಲಾರಿಯ ತಲೆ ದಾಟಿಹೋಯಿತು, ಇನ್ನು ಭಯವಿಲ್ಲವೆಂದು ಕಲ್ಲಿನ ಪಕ್ಕದಲ್ಲಿ ಒಂದು ಕಾಲೂರಿ ನಿಂತಿದ್ದನು. ಅಲ್ಲಿಯೇ ಬುಟ್ಟಿಯಿಟ್ಟುಕೊಂಡು ಹೂ ಮಾರುವ ಹೆಂಗಸು ಹಿಂಗಾಲಿಯು ಒಳಕ್ಕೆ ಬರುತ್ತಿರುವುದನ್ನು ಕಂಡು ಕಿರಿಚಿ, ಅವನ ಅಂಗಿಯನ್ನು ಹಿಡಿದು ಎಳೆದಳು. ಹುಡುಗನು ಆಕೆಯ ಹೂವಿನ ಮೇಲೆ ಬಿದ್ದನು. ಬೈಸಿಕಲ್ಲು ಗಾಲಿಯ ಕೆಳಗೆ ಹೋಯಿತು. ನಾವು ಓಡಿಹೋಗಿ ನೋಡಿದಾಗ ಅದು ದೋಸೆಯ ಕಾವಲಿಯಂತೆ ಚಪ್ಪಟೆಯಾಗಿತ್ತು. ಗಂಟೆ ಮಾತ್ರ ಏನೂ ಆಗದೆ ಪಕ್ಕದಲ್ಲಿ ಬಿದ್ದಿತ್ತು. ಚಾಲಕನಿಗೆ ಏನಾಯಿತೆಂಬುದೇ ಗೊತ್ತಿರಲಿಲ್ಲ. ಇಳಿದು ಬಂದವನು ಬೈಸಿಕಲ್ಲನ್ನು ನೋಡಿ, ಹುಡುಗನನ್ನು ನೋಡಿ, ದೇವಸ್ಥಾನದ ಮೆಟ್ಟಿಲ ಮೇಲೆ ಕುಳಿತು ಬಿಕ್ಕಿಬಿಕ್ಕಿ ಅತ್ತನು. ಇಪ್ಪತ್ತು ಇಪ್ಪತ್ತೆರಡರ ವಯಸ್ಸು. ಅವನನ್ನು ಹೊಡೆಯಲೆಂದು ಕೂಡಿದ್ದವರು ಕೈ ಎತ್ತಲಾರದೆ ನಿಂತರು.

ಮರುದಿನ ನಾವು ಹತ್ತಾರು ಮಂದಿ ಆ ಬೈಸಿಕಲ್ಲನ್ನೇ ಹೊತ್ತುಕೊಂಡು ಪುರಸಭೆಯ ಕಛೇರಿಗೆ ಹೋದೆವು. ಅರ್ಜಿಯನ್ನು ಬರೆದವರು ನಾವೇ. ಅದಕ್ಕೆ ಬೀದಿಯ ನಲವತ್ತಮೂರು ಮನೆಯವರ ಸಹಿ. ಸಹಿ ಬಾರದವರ ಹೆಬ್ಬೆರಳ ಗುರುತು. ಮುಖ್ಯಾಧಿಕಾರಿಗಳು ಸಜ್ಜನರು. ಎರಡೇ ವಾರಗಳಲ್ಲಿ ಸಭೆಯ ನಿರ್ಣಯವಾಯಿತು; ಬೀದಿಯ ಎರಡು ತುದಿಗಳಲ್ಲಿಯೂ "ಭಾರೀ ವಾಹನಗಳಿಗೆ ಪ್ರವೇಶವಿಲ್ಲ" ಎಂಬ ಹಲಗೆ ನಿಂತಿತು. ನಾವು ಹಿಗ್ಗಿದೆವು. ಮಾರನೆಯ ಬೆಳಗ್ಗೆ ಅದೇ ಹಲಗೆಯ ಕೆಳಗೆ ಅದೇ ಟಿಪ್ಪರುಗಳು ಬಂದುವು. ಪೋಲೀಸು ಠಾಣೆಗೆ ಹೋಗಿ ದೂರಿದರೆ ಅಲ್ಲಿಯ ಅಧಿಕಾರಿಗಳು ಬಹಳ ಶಾಂತವಾಗಿ, "ಹಲಗೆ ಪುರಸಭೆಯದು ಸಾರ್. ಅದರ ಹಿಂದೆ ಅಧಿಸೂಚನೆ ಎಲ್ಲಿದೆ?" ಎಂದು ಕೇಳಿದರು.

ಆ ಪ್ರಶ್ನೆಯ ಅರ್ಥವನ್ನು ತಿಳಿಯುವುದಕ್ಕೆ ನಮಗೆ ಒಂದು ತಿಂಗಳು ಹಿಡಿಯಿತು. ನಮ್ಮಂತೆಯೇ ಹಲಗೆಯನ್ನು ನಂಬಿ ಕುಳಿತ ಗೃಹಸ್ಥರು ಬೇರೆ ಊರುಗಳಲ್ಲಿಯೂ ಇರಬಹುದಾದುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ಬೀದಿ ಪುರಸಭೆಯದಾಗಿರಬಹುದು; ಚರಂಡಿ, ದೀಪ, ಕಸ ಎಲ್ಲವೂ ಅದರದೇ. ಆದರೆ ಯಾವ ವಾಹನವು ಆ ಬೀದಿಯಲ್ಲಿ ಓಡಬಾರದೆಂದು ವಿಧಿಸುವ ಅಧಿಕಾರವು 1988ನೆಯ ಮೋಟಾರು ವಾಹನಗಳ ಶಾಸನದ 115ನೆಯ ಪ್ರಕರಣದಲ್ಲಿದೆ. ಸಾರ್ವಜನಿಕರ ಸುರಕ್ಷತೆಗಾಗಿಯೋ, ಅನುಕೂಲಕ್ಕಾಗಿಯೋ, ರಸ್ತೆ ಸೇತುವೆಗಳ ಸ್ವರೂಪದ ಕಾರಣದಿಂದಲೋ ರಾಜ್ಯ ಸರ್ಕಾರ, ಇಲ್ಲವೆ ಅದರಿಂದ ಅಧಿಕಾರ ಪಡೆದವರು, ರಾಜ್ಯಪತ್ರದಲ್ಲಿ ಪ್ರಕಟಿಸಿ ಇಂಥ ನಿಷೇಧವನ್ನು ಮಾಡಬಹುದು. ಪ್ರಕಟಿಸಿದ ಮೇಲೆ ತಕ್ಕ ಕಡೆಗಳಲ್ಲಿ ಸಂಚಾರದ ಗುರುತುಗಳನ್ನು ನಿಲ್ಲಿಸಬೇಕು. ನಮ್ಮಲ್ಲಿ ಗುರುತು ಮೊದಲು ಬಂದಿತು. ಅಪ್ಪಣೆ ಇನ್ನೂ ಹುಟ್ಟಿರಲಿಲ್ಲ. ನಮ್ಮ ಕಡೆ ಇಂಥ ಅಪ್ಪಣೆಗಳನ್ನು ಹೊರಡಿಸುವವರು ಜಿಲ್ಲಾಧಿಕಾರಿಗಳು. ಆದಕಾರಣ ಕಾಗದವು ಪುರಸಭೆಯಿಂದ ಜಿಲ್ಲಾ ಕಛೇರಿಗೆ, ಅಲ್ಲಿಂದ ಅಭಿಪ್ರಾಯಕ್ಕೆಂದು ಪೋಲೀಸಿನವರಿಗೆ, ಸಾರಿಗೆಯವರಿಗೆ, ಲೋಕೋಪಯೋಗಿಯವರಿಗೆ ಹೋಗಿ ಮರಳಿತು. ಹನ್ನೊಂದು ತಿಂಗಳು.

ಅದೇ ಪ್ರಕರಣದಲ್ಲಿ ಒಂದು ಸ್ವಾರಸ್ಯವಾದ ಮಾತಿದೆ. ನಿಷೇಧವು ಒಂದು ತಿಂಗಳಿಗೆ ಮೀರದಿದ್ದರೆ ರಾಜ್ಯಪತ್ರದ ಪ್ರಕಟಣೆ ಬೇಕಿಲ್ಲ. ಸ್ಥಳದಲ್ಲಿ ಸಾಧ್ಯವಾದಷ್ಟು ಪ್ರಚಾರಮಾಡಿದರೆ ಸಾಕು. ಆದುದರಿಂದಲೇ ತೇರಿನ ದಿನದ ನಿಷೇಧವು ಪ್ರತಿವರ್ಷವೂ ಒಂದು ಮಧ್ಯಾಹ್ನದಲ್ಲಿ ಕೈಗೆ ಬರುತ್ತದೆ. ದೇವರಿಗೆ ಒಂದು ಮಧ್ಯಾಹ್ನ, ಮಕ್ಕಳಿಗೆ ಹನ್ನೊಂದು ತಿಂಗಳು ಎಂದು ನಮ್ಮ ನೆರೆಯ ಪಿಂಚಣಿದಾರ ಮೇಷ್ಟ್ರು ಹಾಸ್ಯಮಾಡುತ್ತಿದ್ದರು. ಹಾಸ್ಯವೇನೋ ಸರಿ, ಆದರೆ ಶಾಶ್ವತವಾದ ಕಟ್ಟಳೆಗೆ ನಾಲ್ಕು ಜನರ ಅಭಿಪ್ರಾಯವನ್ನು ಕೇಳುವುದು ತಪ್ಪಲ್ಲವೆಂದು ಮುಂದೆ ನಮಗೇ ತಿಳಿದುಬರಬೇಕಾಗಿತ್ತು.

2023ನೆಯ ಜೂನ್ ತಿಂಗಳಲ್ಲಿ ಅಪ್ಪಣೆಯಾಯಿತು. ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಭಾರೀ ಸರಕಿನ ವಾಹನಗಳು ಬರಕೂಡದು. ಮನೆ ಕಟ್ಟುವವರ ಕಲ್ಲು ಮರಳು ಮುಂತಾದುವು ರಾತ್ರಿಯ ಹೊತ್ತು ಬರಬಹುದು. ಲಂಡನ್ ನಗರದಲ್ಲಿ 1985ರ ಆಜ್ಞೆಯ ಮೇರೆಗೆ 18 ಟನ್ನಿಗೆ ಮೀರಿದ ಲಾರಿಗಳಿಗೆ ಬಹಳಷ್ಟು ಬೀದಿಗಳಲ್ಲಿ ತಡೆಯಿರುವುದು ರಾತ್ರಿಯ ಹೊತ್ತು ಮತ್ತು ವಾರದ ಕೊನೆಯಲ್ಲಿ. ಅಲ್ಲಿ ಕಾಪಾಡಬೇಕಾದುದು ಜನರ ನಿದ್ರೆ. ನಮ್ಮಲ್ಲಿ ನಿದ್ರೆಯನ್ನು ಕೊಟ್ಟು ಹಗಲಿನ ನಡಿಗೆಯನ್ನು ಕೊಂಡುಕೊಂಡೆವು. ಅಲ್ಲಿಯ ಇನ್ನೊಂದು ಕ್ರಮ ನಮಗೆ ಮೆಚ್ಚುಗೆಯಾಯಿತು. ತಪ್ಪಿ ಬಂದ ಲಾರಿಗೆ ದಂಡವನ್ನು ಚಾಲಕನಿಗೂ ಅವನನ್ನು ಕಳುಹಿಸಿದ ಯಜಮಾನನಿಗೂ ಬೇರೆಬೇರೆಯಾಗಿ ಹಾಕುತ್ತಾರೆ. ನಮ್ಮ ಶಾಸನವೂ ಇದನ್ನು ಮರೆತಿಲ್ಲ. 194ನೆಯ ಪ್ರಕರಣವು ಓಡಿಸಿದವನನ್ನೂ ಹಿಡಿಯುತ್ತದೆ, ಓಡಿಸಗೊಟ್ಟವನನ್ನೂ ಹಿಡಿಯುತ್ತದೆ. 2019ನೆಯ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ, ಹೆಚ್ಚಾದ ಒಂದೊಂದು ಟನ್ನಿಗೂ ಮೇಲೆ 2,000 ರೂಪಾಯಿ ದಂಡ. ಹೆಚ್ಚಿನ ಭಾರವನ್ನು ಇಳಿಸುವತನಕ ಲಾರಿ ಕದಲಕೂಡದು. ಆದರೆ ಬೀದಿಯಲ್ಲಿ ನಿಲ್ಲಿಸಿದಾಗ ಎದುರಿಗೆ ಇರುವವನು ಚಾಲಕ. ಯಜಮಾನನು ಎಲ್ಲಿಯೋ ಇರುತ್ತಾನೆ. ಮೊದಲ ವಾರ ಮೂಲೆಯಲ್ಲಿ ಒಬ್ಬ ಪೇದೆ ನಿಂತಿದ್ದನು. ಒಂದು ಟಿಪ್ಪರೂ ಬರಲಿಲ್ಲ. ಎರಡನೆಯ ವಾರ ಅವನಿಗೆ ಜಾತ್ರೆಯ ಬಂದೋಬಸ್ತಿಗೆ ಕರೆ ಬಂದಿತು. ಅದರ ಮರುದಿನವೇ ಟಿಪ್ಪರುಗಳು ಮರಳಿ ಬಂದುವು. ಅವುಗಳಿಗೆ ಸುದ್ದಿ ಹೇಳುವವರು ಯಾರೋ ತಿಳಿಯದು.

ಆಗುಂಬೆಯ ಘಾಟಿಯಲ್ಲಿ ಭಾರೀ ಲಾರಿಗಳಿಗೆ ತಡೆಯಿದೆ. ಕೊಡಗಿನಲ್ಲಿ ಮಳೆಗಾಲ ಬಂದಿತೆಂದರೆ ದಿಮ್ಮಿಯ ಲಾರಿ, ಮರಳಿನ ಲಾರಿಗಳನ್ನು ನಿಲ್ಲಿಸುತ್ತಾರೆ. ಅಲ್ಲಿ ತನಿಖೆಯ ಠಾಣೆಗಳಿವೆ. ಅವಕ್ಕಿಂತ ಮಿಗಿಲಾಗಿ ಬೆಟ್ಟವೇ ಕಾವಲಿದೆ. ಹದಿನಾಲ್ಕು ಕಡುತಿರುವುಗಳನ್ನು ಕಂಡ ಚಾಲಕನಿಗೆ ಹಲಗೆಯನ್ನು ಓದಿ ಹೇಳಬೇಕಾದುದಿಲ್ಲ. ನಮ್ಮದು ಬಯಲುಸೀಮೆಯ ಬೀದಿ. ಬಗ್ಗಿ ನಡೆಯುವ ಬಡವನಂತೆ ಯಾರು ಬಂದರೂ ದಾರಿ ಕೊಡುತ್ತದೆ.

ಹೀಗಿರಲು ನಮಗೊಂದು ಉಪಾಯ ಹೊಳೆಯಿತು. ಪೇದೆಗೆ ಹಸಿವೆ ನಿದ್ರೆಗಳಿವೆ, ಕಬ್ಬಿಣಕ್ಕಿಲ್ಲ. ಬೀದಿಯ ಎರಡು ತುದಿಗಳಲ್ಲಿಯೂ ಎರಡೆರಡು ಕಂಬ ನೆಟ್ಟು, ಒಂಬತ್ತು ಅಡಿಯ ಎತ್ತರದಲ್ಲಿ ಅಡ್ಡಪಟ್ಟಿಯನ್ನು ಬಿಗಿದರೆ ಕಾರು, ಆಟೋ, ರೋಗಿಗಳ ವಾಹನ ಎಲ್ಲವೂ ಹೋಗುತ್ತವೆ, ಟಿಪ್ಪರಿಗೆ ಮಾತ್ರ ತಲೆ ತಾಗುತ್ತದೆ. ಈ ಎತ್ತರವನ್ನು ಗೊತ್ತುಮಾಡಿದವರು ನಾವೇ. ನಿಂತಿದ್ದ ಒಂದು ಟಿಪ್ಪರಿಗೆ ಬಿದಿರಿನ ಗಳುವನ್ನು ಹಿಡಿದು ಅಳೆದು, ಅರ್ಜಿಯಲ್ಲಿ ಅಂಕಿಯನ್ನು ಬರೆದುಕೊಟ್ಟೆವು. ಅದೇ ವರ್ಷ ದೀಪಾವಳಿಯ ಹೊತ್ತಿಗೆ ಪಟ್ಟಿಗಳು ನಿಂತುವು. ಒಂದು ಟಿಪ್ಪರು ಅಭ್ಯಾಸಬಲದಿಂದ ಬಂದು ಢಿಕ್ಕಿ ಹೊಡೆದು ಹಿಂದಿರುಗಿತು. ಶಾಲೆಯ ದೊಡ್ಡ ಬಸ್ಸೂ ಒಳಗೆ ಬಾರದಾಯಿತು. ಮಕ್ಕಳು ಮೂಲೆಯವರೆಗೆ ನಡೆದರು. ನಡೆಯುವುದಕ್ಕೇ ಅಲ್ಲವೆ ಇಷ್ಟೆಲ್ಲ ಮಾಡಿದುದು ಎಂದುಕೊಂಡೆವು. ಆ ಚಳಿಗಾಲದ ಸಂಜೆಗಳಲ್ಲಿ ಹುಡುಗರು ಬೀದಿಯ ನಡುವೆ ಲಗೋರಿ ಆಡಿದರು. ಲೋಟಗಳು ಸದ್ದುಮಾಡದೆ ಕುಳಿತುವು. ಮಾತನಾಡುವಾಗ ನಡುನಡುವೆ ನಿಲ್ಲಿಸಿ ಲಾರಿಗೆ ದಾರಿ ಕೊಡುವ ನಮ್ಮ ಅಭ್ಯಾಸ ಹೋಗಲು ಒಂದು ತಿಂಗಳು ಬೇಕಾಯಿತು.

ಚೈತ್ರ ಬಂದಿತು. ತೇರಿನ ಕಳಶ ಎಲ್ಲಿ, ಒಂಬತ್ತು ಅಡಿ ಎಲ್ಲಿ! ದೇವಸ್ಥಾನದವರು ಮೊದಲೇ ಆಕ್ಷೇಪಿಸಿದ್ದರಿಂದ ಪಟ್ಟಿಗಳನ್ನು ಬೋಲ್ಟು ಹಾಕಿ ಬಿಗಿದಿದ್ದರು. 2024ನೆಯ ಏಪ್ರಿಲಿನಲ್ಲಿ ಅವನ್ನು ಕಳಚಿ ದೇವಸ್ಥಾನದ ಪೌಳಿಗೆ ಒರಗಿಸಿಟ್ಟರು. ತೇರು ಹರಿಯಿತು. ಪಟ್ಟಿ ಅಲ್ಲಿಯೇ ಉಳಿಯಿತು. ಕಳಚುವುದಕ್ಕೆ ಊರಿನವರೆಲ್ಲ ಇದ್ದರು, ಕಟ್ಟುವುದಕ್ಕೆ ಯಾರೂ ಇಲ್ಲ. ಪುರಸಭೆಯವರು ದೇವಸ್ಥಾನದವರ ಕೆಲಸವೆಂದರು. ದೇವಸ್ಥಾನದವರು ಪುರಸಭೆಯ ಸೊತ್ತನ್ನು ಮುಟ್ಟುವುದು ಹೇಗೆಂದರು. ಟಿಪ್ಪರುಗಳು ಐದು ತಿಂಗಳು ಸುಖವಾಗಿ ಓಡಾಡಿದುವು. ಭಾದ್ರಪದದಲ್ಲಿ, ಗಣೇಶನ ಮೆರವಣಿಗೆಯೂ ಮುಗಿದಮೇಲೆ, ಪಟ್ಟಿ ಮತ್ತೆ ಏರಿತು.

ಮುಂದಿನದನ್ನು ಬರೆಯುವುದು ನಮಗೆ ಸುಲಭವಲ್ಲ.

2025ನೆಯ ಫೆಬ್ರವರಿಯಲ್ಲಿ ಒಂದು ರಾತ್ರಿ ಎರಡು ಗಂಟೆಯ ಸಮಯದಲ್ಲಿ ಬೀದಿಯ ನಡುಭಾಗದ ಒಂದು ಮನೆಯ ಅಟ್ಟಕ್ಕೆ ಬೆಂಕಿ ಹತ್ತಿತು. ವಿಧವೆಯೊಬ್ಬರು ಮುಂಗಡೆ ಚಿಲ್ಲರೆ ಅಂಗಡಿಯಿಟ್ಟುಕೊಂಡು, ಹಿಂದೆ ಇಬ್ಬರು ಹೆಣ್ಣುಮಕ್ಕಳೊಡನೆ ವಾಸವಾಗಿದ್ದ ಮನೆ. ಅಟ್ಟದಲ್ಲಿ ತೆಂಗಿನ ಚಿಪ್ಪು, ಸೌದೆ, ಹಳೆಯ ಚೀಲಗಳು. ಮೂವರೂ ಹೊರಗೆ ಬಂದರು, ಅಷ್ಟು ಪುಣ್ಯ. ಅಗ್ನಿಶಾಮಕದವರು ಕರೆ ಮುಟ್ಟಿದ ಕೂಡಲೆ ಹೊರಟು ಬೇಗನೆಯೇ ಬಂದರು. ಬಂದು ದೇವಸ್ಥಾನದ ಮೂಲೆಯಲ್ಲಿ ನಮ್ಮ ಪಟ್ಟಿಯ ಮುಂದೆ ನಿಂತರು. ಅವರ ಗಾಡಿ ಒಂಬತ್ತು ಅಡಿಗಿಂತ ಎತ್ತರ. ಇನ್ನೊಂದು ತುದಿಯಲ್ಲಿಯೂ ಅದೇ ಪಟ್ಟಿ. ಬೋಲ್ಟು ಕಳಚುವ ದೊಡ್ಡ ಸ್ಪಾನರು ಪುರಸಭೆಯ ಕಛೇರಿಯಲ್ಲಿ, ಕಛೇರಿಗೆ ಬೀಗ. ಅವರು ಕೊಳವೆಗೆ ಕೊಳವೆಯನ್ನು ಜೋಡಿಸಿಕೊಂಡು, ಆ ದೂರವನ್ನೆಲ್ಲ ಓಡಿ, ನೀರು ಹಾಯಿಸುವಷ್ಟರಲ್ಲಿ ಅಟ್ಟವೂ ಮುಂಭಾಗದ ಮಾಡೂ ಅಂಗಡಿಯ ಸಾಮಾನೂ ಹೋಗಿದ್ದುವು.

ಅರ್ಜಿಯಲ್ಲಿ ರೋಗಿಗಳ ವಾಹನವನ್ನು ನೆನೆದಿದ್ದೆವು. ಬೆಂಕಿಯ ಗಾಡಿಯನ್ನು ನೆನೆದಿರಲಿಲ್ಲ. ಅಳೆಯುವಾಗ ನಮ್ಮ ಕಣ್ಣಿನಲ್ಲಿ ಟಿಪ್ಪರೊಂದೇ ಇತ್ತು. ಪುರಸಭೆಯವರೂ ಅಗ್ನಿಶಾಮಕದವರನ್ನು ಕೇಳಿರಲಿಲ್ಲ. ನಮ್ಮ ಅವಸರವೇ ಅಷ್ಟಿತ್ತು. ಹನ್ನೊಂದು ತಿಂಗಳು ಅಭಿಪ್ರಾಯ ಕೇಳಿದ ಕಾಗದವನ್ನು ಹಾಸ್ಯಮಾಡಿದ ನಾವು, ಎರಡು ತಿಂಗಳಲ್ಲಿ ಎದ್ದ ಕಬ್ಬಿಣವನ್ನು ಕೊಂಡಾಡಿದ್ದೆವು. ಆ ತಾಯಿಯ ಸಹಿ ನಮ್ಮ ಅರ್ಜಿಯಲ್ಲಿ ಐದನೆಯದು. ಬೆಳಗ್ಗೆ ಸುಟ್ಟ ಜಗಲಿಯ ಮುಂದೆ ಅವರು ಕುಳಿತಿದ್ದರು. ಒಂದು ಮಾತು ಬೈದಿದ್ದರೂ ನಮಗೆ ಹಗುರವಾಗುತ್ತಿತ್ತು. "ಕಾಫಿ ಕುಡಿದ್ರಾ ಅಣ್ಣ?" ಎಂದು ಕೇಳಿದರು. ಬೀದಿಯವರೆಲ್ಲ ಸೇರಿ ಮಾಡನ್ನು ಕಟ್ಟಿಸಿಕೊಟ್ಟೆವೆಂಬುದನ್ನು ಬರೆಯಬಾರದೆಂದಿದ್ದೆವು. ಬರೆಯದಿದ್ದರೆ ಕಟ್ಟಿಸಲಿಲ್ಲವೆಂದು ಓದುಗರು ಬಯ್ದಾರೆಂದು ಬರೆದಿದ್ದೇವೆ.

ಪಟ್ಟಿಯನ್ನು ಕಿತ್ತೆಸೆಯಬೇಕೆಂದು ಆ ವಾರವೇ ಅರ್ಧ ಬೀದಿ ಕೂಗಿತು. ಎದುರು ಮನೆಯ ಹುಡುಗನ ಅಜ್ಜಿ ಸಭೆಗೆ ಬಂದು, ಹಾಗಾದರೆ ನನ್ನ ಮೊಮ್ಮಗನನ್ನು ಎಲ್ಲಿ ನಡೆಸಲಿ ಎಂದು ಕೇಳಿದರು. ಮೇಷ್ಟ್ರಿಗೂ ಉತ್ತರ ಹೊಳೆಯಲಿಲ್ಲ. ಕೊನೆಗೆ ದಾರಿ ತೋರಿಸಿದವರು ಅಗ್ನಿಶಾಮಕದ ಠಾಣೆಯ ಅಧಿಕಾರಿಗಳು. ಬಿಗಿದ ಪಟ್ಟಿಯ ಬದಲಾಗಿ ಬಾಗಿಲಿನಂತೆ ಪಕ್ಕಕ್ಕೆ ತೆರೆಯುವ ಪಟ್ಟಿಯಿರಲಿ; ಒಬ್ಬ ಮನುಷ್ಯನು ಒಂದೇ ಕೈಯಿಂದ ತಳ್ಳುವಂತಿರಲಿ; ಬೀಗದ ಕೈ ಒಂದು ನಮ್ಮ ಗಾಡಿಯಲ್ಲಿಯೇ ಇರಲಿ ಎಂದರು. ಹಾಗೆಯೇ ಆಯಿತು. ಎರಡನೆಯ ಕೈ ದೇವಸ್ಥಾನಕ್ಕೆ. ಮೂರನೆಯದು ಪುರಸಭೆಗೆ. ರಾತ್ರಿ ಒಂಬತ್ತಕ್ಕೆ ತೆರೆದು ಬೆಳಗ್ಗೆ ಆರಕ್ಕೆ ಮುಚ್ಚುವ ಕೆಲಸ ಕಾಗದದಲ್ಲಿ ಪುರಸಭೆಯ ನೌಕರನದು. ವಾಸ್ತವವಾಗಿ ಅವನಿಗೆ ಆ ಹೊತ್ತಿನಲ್ಲಿ ಬೇರೆ ವಾರ್ಡಿನ ಕಸದ ಕೆಲಸ. ಆದುದರಿಂದ ಪೇಟೆಯ ತುದಿಯ ಕೈಯನ್ನು ಅಲ್ಲಿಯ ಹೋಟೆಲಿನವರ ಹತ್ತಿರವೂ, ದೇವಸ್ಥಾನದ ತುದಿಯ ಕೈಯನ್ನು ಹೂವಿನಮ್ಮನ ಹತ್ತಿರವೂ ಇಟ್ಟನು. ಆಕೆ ಬೆಳಕು ಹರಿಯುವ ಮೊದಲೇ ಬಂದು ಹೂ ಕಟ್ಟಲು ಕುಳಿತವಳು ರಾತ್ರಿ ಮಂಗಳಾರತಿಯಾಗುವತನಕ ಅಲ್ಲಿಯೇ. ಸಂಬಳವಿಲ್ಲ. ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡಿದ್ದಾಳೆ.

ಅಂದಿನಿಂದ ಆ ಮೂಲೆಯಲ್ಲಿ ಜಗಳವಿಲ್ಲದ ದಿನ ಕಡಿಮೆ. ಸಿಮೆಂಟಿನವರು ಬರುತ್ತಾರೆ, ಮದುವೆಯ ಶಾಮಿಯಾನದವರು ಬರುತ್ತಾರೆ, ಪುರಪಿತೃಗಳ ನೆಂಟರೆಂದು ಹೇಳಿಕೊಂಡು ಬರುತ್ತಾರೆ. ಆಕೆ ಎಲ್ಲರಿಗೂ ಅದೇ ಉತ್ತರ ಕೊಡುತ್ತಾಳೆ: "ಒಂಬತ್ ಗಂಟ್ಗೆ ಬನ್ನಿ." ಒಮ್ಮೆ ಒಬ್ಬ ಚಾಲಕನು ನೋಟನ್ನು ಮಡಿಸಿ ಹೂವಿನ ಬುಟ್ಟಿಯಲ್ಲಿ ಇಟ್ಟನಂತೆ. ಆಕೆ ಅಷ್ಟು ಹಣಕ್ಕೂ ಮಲ್ಲಿಗೆಯನ್ನು ಅಳೆದು ಅವನ ಲಾರಿಯ ಮುಂಗಡೆ ಇಟ್ಟು ಕಳುಹಿಸಿದಳು.

ಕಳೆದ ಕಾರ್ತಿಕದಲ್ಲಿ, 2025ನೆಯ ನವೆಂಬರಿನಲ್ಲಿ, ನಾವು ನಡುಮನೆಯ ಬಿರಿದ ಗೋಡೆಯನ್ನು ರಿಪೇರಿ ಮಾಡಿಸಲು ತೊಡಗಿದೆವು. ಗಾರೆಯವನು ಮರಳು ಬೇಕೆಂದನು. ರಾತ್ರಿಯೇ ತರಬೇಕೆಂದು ಲಾರಿಯವನಿಗೆ ಸ್ಪಷ್ಟವಾಗಿ ಹೇಳಿದ್ದೆವು. ಅವನಿಗೆ ರಾತ್ರಿ ಬೇರೆ ಲೋಡಿತ್ತಂತೆ. ಬೆಳಗ್ಗೆ ಹತ್ತು ಗಂಟೆಗೆ ಬಂದು ದೇವಸ್ಥಾನದ ಮೂಲೆಯಲ್ಲಿ ಹಾರನ್ ಮಾಡಿದನು. ಗಾರೆಯವನು, ಇಬ್ಬರು ಕೂಲಿಗಳು ಕೆಲಸವಿಲ್ಲದೆ ಕುಳಿತಿದ್ದಾರೆ, ಕೂಲಿ ಏರುತ್ತಿದೆ. ಶಾಲೆಯ ಮಕ್ಕಳೆಲ್ಲ ಆಗಲೇ ಹೋಗಿಯಾಗಿದೆ, ಬೀದಿ ಬರಿದಾಗಿದೆ, ಐದು ನಿಮಿಷದ ಕೆಲಸ. ಮೇಲಾಗಿ ಈ ಬಿರುಕು ಲಾರಿಗಳಿಂದಲೇ ಆದುದು. ಇಷ್ಟು ವಾದಗಳನ್ನು ಮನೆಯಿಂದ ಮೂಲೆಗೆ ನಡೆಯುವಷ್ಟರಲ್ಲಿ ಸಿದ್ಧಮಾಡಿಕೊಂಡೆವು.

"ಒಂದೇ ಒಂದು ಸಲ, ಹೂವಿನಮ್ಮ. ನಮ್ಮ ಮನೆಗೇ ಬಂದಿರೋದು," ಎಂದೆವು.

ಆಕೆ ಹೂ ಕಟ್ಟುವುದನ್ನು ನಿಲ್ಲಿಸದೆ, "ಕಾಗ್ದ ಬರ್ದೋರು ನೀವೇ ಅಲ್ವಾ ಸ್ವಾಮಿ?" ಎಂದಳು.

ನಾವು ಸುಮ್ಮನೆ ನಿಂತೆವು. ಹೋಟೆಲಿನವರನ್ನು ಕೇಳಿದ್ದರೆ ಮುಲಾಜಿಗೆ ಆ ಕಡೆಯ ಪಟ್ಟಿಯನ್ನು ತೆರೆಯುತ್ತಿದ್ದರೇನೋ. ಆಕೆಯ ಕಣ್ಣೆದುರಿಗೆ ಲಾರಿಯನ್ನು ತಿರುಗಿಸಿಕೊಂಡು ಹೋಗಲು ನಮಗೆ ಮುಖವಾಗಲಿಲ್ಲ. ಮರಳನ್ನು ಪಟ್ಟಿಯ ಹೊರಗಡೆಯೇ ಸುರಿಸಿದೆವು. ಇಬ್ಬರು ಕೂಲಿಗಳು ತಳ್ಳುಗಾಡಿಯಲ್ಲಿ ಅದನ್ನು ಮನೆಗೆ ಸಾಗಿಸಲು ಒಂದೂವರೆ ದಿನ ಹಿಡಿಯಿತು. ಸಂಜೆ ಶಾಲೆ ಬಿಟ್ಟಮೇಲೆ ಎದುರು ಮನೆಯ ಹುಡುಗ, ಈಗ ಮೀಸೆ ಚಿಗುರಿದ ಹುಡುಗ, ಹೊಸ ಬೈಸಿಕಲ್ಲಿಗೆ ಹಾಕಿಸಿಕೊಂಡಿರುವ ಆ ಹಳೆಯ ಗಂಟೆಯನ್ನು ಬಾರಿಸುತ್ತ ಬಂದು, ಗುಡ್ಡೆಯನ್ನು ನೋಡಿ ನಕ್ಕು, ಬ್ಯಾಗನ್ನು ಇಳಿಸಿ ನಾಲ್ಕು ಬಾಂಡಲಿ ಮರಳನ್ನು ತುಂಬಿಕೊಟ್ಟನು. ಎರಡನೆಯ ದಿನ ಎಲ್ಲವೂ ಮುಗಿದಾಗ ಕಂಬದ ಬುಡದಲ್ಲಿ ಸ್ವಲ್ಪ ಮರಳು ಉಳಿದಿತ್ತು. ಹೂವಿನಮ್ಮ ತನ್ನ ಮೋಟು ಪೊರಕೆಯಿಂದ ಅದನ್ನು ಗುಡಿಸಿ ನಮ್ಮ ಕಡೆಗೆ ಸರಿಸಿದಳು. "ಇದನ್ನೂ ತಗೊಂಡ್ಹೋಗಿ. ರಾತ್ರಿ ಪಟ್ಟಿ ತೆಗೆಯೋಕೆ ಅಡ್ಡ ಬರ್ತದೆ," ಎಂದಳು. ನಾವು ಅದನ್ನು ಕಾಗದದಲ್ಲಿ ಎತ್ತಿಕೊಂಡು ಮನೆಗೆ ಬಂದೆವು.